ಸರಿಯಿದೆ ಎಂದವನ ಕಾಲು ಮೊದಲು

ಈಜಿಪ್ಟಿನ ಮರುಭೂಮಿ
೧೪ ಸೆಪ್ಟೆಂಬರ್ ೧೯೪೨

ಪ್ರೀತಿಯ ಮೈರಿಗ್ ಚಿಕ್ಕಪ್ಪನಿಗೆ,

ನೀವು ಬರೆದು ಕಳಿಸಿದ ಯೋಗ್ಯತಾಪತ್ರ ಕೆಲಸ ಮಾಡಿತು. ಕ್ಯಾಪ್ಟನ್ ಹ್ಯಾವರ್ಗಿಲ್ ಅದನ್ನು ಎರಡು ಸಲ ಓದಿ, ಮಡಚಿ ಜೇಬಿಗೆ ಹಾಕಿಕೊಂಡು, ನಾಳೆಯಿಂದ ಯಂತ್ರ ನಿನ್ನದು ಎಂದರು. ಈ ಕೆಲಸಕ್ಕೆ ಸಂಗೀತದ ಕಿವಿಯೇ ಬೇಕು ಎಂಬುದು ಅವರ ಹಟ. ಸೈನ್ಯದ ಬೇರೆ ಕಂಪನಿಗಳಲ್ಲಿ ಅಡುಗೆಯವನ ಕೈಗೂ ಯಂತ್ರ ಕೊಟ್ಟಿದ್ದಾರಂತೆ. ಇವರು ಮಾತ್ರ ವೇಲ್ಸಿನ ಸ್ಲೇಟುಗಣಿಯವರನ್ನು, ಅದರಲ್ಲೂ ಚರ್ಚಿನಲ್ಲಿ ಹಾಡುವವರನ್ನು ಹುಡುಕಿ ಹುಡುಕಿ ಆರಿಸಿದರು. ಮೂವತ್ತು ವರ್ಷ ನಾಂಟ್‌ಗಾರೆಗ್ ಚರ್ಚಿನಲ್ಲಿ ಹಾಡು ಎತ್ತಿಕೊಟ್ಟವರೇ ನನ್ನ ಕಿವಿಗೆ ಸಾಕ್ಷಿ ನಿಂತ ಮೇಲೆ ಇನ್ನು ಕೇಳುವುದೇನಿದೆ.

ಯಂತ್ರ ದೊಡ್ಡದೇನಲ್ಲ. ಉದ್ದ ಕೋಲಿನ ತುದಿಗೆ ಒಂದು ತಟ್ಟೆ, ಬೆನ್ನಿಗೊಂದು ಪೆಟ್ಟಿಗೆ, ಎರಡೂ ಕಿವಿಗೆ ಮುಚ್ಚಳ. ಮರಳಿನ ಮೇಲೆ ತಟ್ಟೆ ಆಡಿಸುತ್ತ ಮೆಲ್ಲಗೆ ಹೆಜ್ಜೆ ಇಡಬೇಕು. ಕಿವಿಯಲ್ಲಿ ಸದಾ ಒಂದೇ ಸ್ವರ ಗುಂಯ್‌ಗುಡುತ್ತಿರುತ್ತದೆ. ಅಡಿಯಲ್ಲಿ ಕಬ್ಬಿಣವಿದ್ದರೆ ಸ್ವರ ಮೇಲೇರುತ್ತದೆ, ಆಗ ನಿಂತು ಕೈ ಎತ್ತಬೇಕು. ಹಿಂದೆ ಬರುವವನು ಮಂಡಿಯೂರಿ, ಬಯೊನೆಟ್ಟಿನಿಂದ ಓರೆಯಾಗಿ ಚುಚ್ಚಿ ಹುಡುಕಿ, ನೆಲಬಾಂಬನ್ನು ಬೆರಳಿನಿಂದ ಬಿಡಿಸಿ ತೆಗೆಯುತ್ತಾನೆ. ಏನೂ ಇಲ್ಲದಿದ್ದರೆ ನಾನು ‘ಸರಿಯಿದೆ’ ಎಂದು ಕೈ ಬೀಸುತ್ತೇನೆ, ಅವನು ಬಿಳಿ ಪಟ್ಟಿ ಹಾಸುತ್ತ ಬರುತ್ತಾನೆ. ನಮ್ಮಂಥ ಮೂರು ಜೋಡಿ ಸೇರಿದರೆ ಎಂಟು ಗಜ ಅಗಲದ ದಾರಿ. ನಮ್ಮ ಹಿಂದೆ ಟ್ಯಾಂಕುಗಳು ಆ ದಾರಿಯಲ್ಲೇ ಬರಬೇಕು, ಒಂದು ಮೊಳ ಆಚೀಚೆ ಆದರೂ ಕಥೆ ಮುಗಿಯಿತು. ನನ್ನ ಹಿಂದೆ ಬರುವವನು ಯಾರೆಂದು ಹೇಳಬೇಕಾಗಿಲ್ಲ. ನಿಮ್ಮ ಮಗ ಎಮ್ಲಿನ್.

ಒಂದು ವಿಷಯಕ್ಕೆ ಅವನಿಗೆ ಬೇಸರವಾಗಿದೆ. ಕ್ಯಾಪ್ಟನ್ ಎಲ್ಲರೆದುರು ಅವನಿಗೆ, ನಿನ್ನ ಕಿವಿ ಸಾಧಾರಣ ಎಂದು ನಿನ್ನ ಅಪ್ಪನೇ ಬರೆದಿದ್ದಾರಲ್ಲ ಎಂದುಬಿಟ್ಟರು. ಎಮ್ಲಿನ್ ನಕ್ಕು, "ಚಿಕ್ಕವನಿದ್ದಾಗ ಹಿಂಡಿ ಹಿಂಡಿ ಕೆಡ್ಸಿದ್ದೇ ಅವರು ಸಾರ್" ಎಂದ. ಎಲ್ಲರೂ ನಕ್ಕರು.

ಒಬ್ಬನು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೇಳಕೂಡದು ಎಂಬುದು ಇಲ್ಲಿನ ನಿಯಮ. ಕಿವಿ ದಣಿದರೆ ಇಲ್ಲದ ಸ್ವರ ಕೇಳುತ್ತದೆ, ಇರುವ ಸ್ವರ ಕೇಳುವುದಿಲ್ಲ. ಹಿಂದಿನವನು ಬಲಭುಜ ತಟ್ಟಿದ ಕೂಡಲೇ ಯಂತ್ರ ಅದಲುಬದಲು ಆಗಬೇಕು. ಕ್ಯಾಪ್ಟನ್ ಇನ್ನೊಂದು ನಿಯಮ ಹೇಳಿದರು: ದಾರಿ ಸರಿಯಿದೆ ಎಂದು ವರದಿ ಮಾಡಿದವನೇ ಮೊದಲ ಟ್ಯಾಂಕಿನ ಮುಂದೆ ನಡೆದು ತೋರಿಸಬೇಕು. ಎಮ್ಲಿನ್ ನನ್ನ ಪಕ್ಕೆ ತಿವಿದ. ನಮ್ಮ ಗಣಿಯ ಮಾತೇ ಅಲ್ಲವೇ ಅದು! ಬಂಡೆಗಿಟ್ಟ ಮದ್ದೆಲ್ಲ ಸಿಡಿಯಿತೇ ಎಂದು ಎಣಿಸಿ ಸರಿಯಿದೆ ಎಂದವನ ಕಾಲೇ ಮೊದಲು ಮರೆಯಿಂದ ಹೊರಗೆ ಬೀಳಬೇಕು ಎಂದು ನೀವು ನಮಗೆ ಎಷ್ಟು ಸಲ ಬೈದು ಕಲಿಸಿದ್ದೀರಿ.

ಇಲ್ಲಿ ನೊಣ, ಧೂಳು, ಪೆಟ್ರೋಲಿನ ವಾಸನೆಯ ಚಹಾ. ಈ ಮರುಭೂಮಿ ನೋಡಿದರೆ ದೇವರು ಲೋಕ ಕಡೆದು ಉಳಿದ ಕಸವನ್ನೆಲ್ಲ ಇಲ್ಲಿ ಸುರಿದಿದ್ದಾನೆ ಎನ್ನುತ್ತಾನೆ ಎಮ್ಲಿನ್. ಲೌರಿ ಚಿಕ್ಕಮ್ಮನಿಗೆ ನನ್ನ ನೆನಕೆ ತಿಳಿಸಿ.

ನಿಮ್ಮ ಮನೆಯ ಉಪ್ಪು ತಿಂದವನು,
ಇಡ್ವಾಲ್


ನಾಂಟ್‌ಗಾರೆಗ್
೪ ಅಕ್ಟೋಬರ್ ೧೯೪೨

ಪ್ರಿಯ ಇಡ್ವಾಲ್,

ನಿನ್ನ ಕಾಗದ ಚರ್ಚಿನ ಬಾಗಿಲಲ್ಲೇ ಸಿಕ್ಕಿತು. ಎರಡು ಸಲ ಓದಿ ಲೌರಿಗೆ ಕೊಟ್ಟೆ. ಅವಳು ಅಕ್ಕಿ ಆರಿಸುವ ಹಾಗೆ ಒಂದೊಂದೇ ಸಾಲು ಹೆಕ್ಕಿ ಓದಿ, ಹುಡುಗನ ಕಿವಿಗೆ ಏನಾಗಿದೆ, ಹಾಗೇಕೆ ಬರೆದಿರಿ ಎಂದು ಕೇಳಿದಳು. ಇರುವುದನ್ನು ಬರೆದೆ ಎಂದೆ.

ಗಣಿಯಲ್ಲಿ ಅರ್ಧ ಜನ ಇಲ್ಲ. ನಾವು ಮುದುಕರು ಎಳೆಯರ ಪಾಲಿನ ಬಂಡೆ ಒಡೆಯುತ್ತಿದ್ದೇವೆ. ಚರ್ಚಿನಲ್ಲಿ ಏರುದನಿಯ ಗಂಡಸರ ಟೆನರ್ ಸಾಲಿನಲ್ಲಿ ಉಳಿದವರು ಮೂವರು, ಅವರಲ್ಲಿ ಒಬ್ಬನಿಗೆ ಕೆಮ್ಮು. ನೀನು ಮತ್ತು ಎಮ್ಲಿನ್ ನಿಲ್ಲುತ್ತಿದ್ದ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಯಾರಾದರೂ ಅಲ್ಲಿ ನಿಂತರೆ ಕೆಮ್ಮಿ ಸರಿಸುತ್ತೇನೆ.

ಒಂದು ಮಾತು ಕೇಳುತ್ತೇನೆ, ಎಮ್ಲಿನ್‌ಗೆ ಹೇಳಬೇಡ. ಅವನು ಆತುರದವನು. ನಿನ್ನ ಮುಂದೆ ಬಿಡಬೇಡ. ನೀನು ಮುಂದಿದ್ದು ಅವನು ನಿನ್ನ ಹಿಂದೆ ಇದ್ದರೆ ನನಗೆ ನಿದ್ದೆ ಬರುತ್ತದೆ. ಇದನ್ನು ಕೇಳುವುದು ನ್ಯಾಯವಲ್ಲ ಎಂದು ಗೊತ್ತು. ನಿನಗೆ ತಂದೆ ಇದ್ದಿದ್ದರೆ ಅವನೂ ನಿನ್ನನ್ನು ಹಿಂದೆ ಇರಿಸಲು ನೋಡುತ್ತಿದ್ದನು. ಆದರೂ ಕೇಳುತ್ತಿದ್ದೇನೆ.

ಲೌರಿ ಎರಡು ಜೊತೆ ಕಾಲುಚೀಲ ಮತ್ತು ಒಣದ್ರಾಕ್ಷಿಯ ರೊಟ್ಟಿ ಕಳಿಸಿದ್ದಾಳೆ. ರೊಟ್ಟಿ ಅಲ್ಲಿಗೆ ತಲಪುವಾಗ ಸ್ಲೇಟಾಗಿರುತ್ತದೆ. ಒಡೆದು ತಿನ್ನಲು ನಿಮಗೆ ಕಲಿಸಿಕೊಡಬೇಕಾಗಿಲ್ಲ.

ನಿನ್ನ ಹಿತ ಬಯಸುವ,
ಮೈರಿಗ್ ಪೆನ್ರಿ


ಸೈನಿಕ ಆಸ್ಪತ್ರೆ, ಈಜಿಪ್ಟ್
೯ ನವೆಂಬರ್ ೧೯೪೨

ಪ್ರೀತಿಯ ಚಿಕ್ಕಪ್ಪ, ಚಿಕ್ಕಮ್ಮ,

ತಂತಿ ನಿಮಗೆ ಮುಟ್ಟಿರಬೇಕು. ಅಕ್ಟೋಬರ್ ಇಪ್ಪತ್ತಮೂರರ ರಾತ್ರಿ ನಾವು ದಾರಿ ಮಾಡುತ್ತಿದ್ದಾಗ ಶತ್ರುಗಳ ಫಿರಂಗಿಯ ಒಂದು ಶೆಲ್ ನಮ್ಮ ಹತ್ತಿರವೇ ಬಿತ್ತು. ಎಮ್ಲಿನ್ ಅಲ್ಲೇ ಹೋದ. ನೋವು ಗೊತ್ತಾಗಿರಲಾರದು ಎಂದು ಡಾಕ್ಟರು ಹೇಳುತ್ತಾರೆ. ನನಗೆ ತೊಡೆಯಲ್ಲಿ ಎರಡು ಚೂರು ಹೊಕ್ಕಿವೆ, ಗುಣವಾಗುತ್ತಿದೆ.

ನಮ್ಮ ಭಾಷೆಯ ಪತ್ರಗಳನ್ನು ಇಲ್ಲಿ ನಮ್ಮ ಕಡೆಯ ಪಾದ್ರಿಯೊಬ್ಬರು ಓದಿ, ಆಮೇಲೆ ಅಂಟಿಸುತ್ತಾರೆ. ಹಾಗಾಗಿ ಹೆಚ್ಚು ಬರೆಯಲಾರೆ. ಅವನನ್ನು ಮಣ್ಣು ಮಾಡುವಾಗ ನಾನಿರಲಿಲ್ಲ. ಅವನ ಚಾಕು ನನ್ನ ಹತ್ತಿರ ಇದೆ, ತಂದುಕೊಡುತ್ತೇನೆ.

ಇಡ್ವಾಲ್


ನಾಂಟ್‌ಗಾರೆಗ್
೩೦ ಡಿಸೆಂಬರ್ ೧೯೪೨

ಇಡ್ವಾಲ್,

ಮೈರಿಗ್ ನಿನಗೆ ಬರೆಯುತ್ತಾರೆಂದು ಕಾದೆ, ಬರೆಯಲಿಲ್ಲ. ಅದಕ್ಕೆ ನಾನು ಬರೆಯುತ್ತಿದ್ದೇನೆ. ನನ್ನ ಅಕ್ಷರ ನಿನಗೆ ಗೊತ್ತಿಲ್ಲ. ಇಷ್ಟು ವರ್ಷ ನಿನಗೆ ಬರೆಯುವ ಪ್ರಸಂಗ ಬಂದಿರಲಿಲ್ಲ, ಒಲೆಯ ಮುಂದಿನಿಂದ ಕೂಗಿದರೆ ಸಾಕಾಗುತ್ತಿತ್ತು.

ನಿನ್ನ ಕಾಗದ ಚಿಕ್ಕದಾಗಿತ್ತು. ಎಂಟು ವರ್ಷದವನಿದ್ದಾಗಿನಿಂದ ನಮ್ಮ ಮೇಜಿನಲ್ಲಿ ಉಂಡವನು ನೀನು. ಚಹಾ ಬಿಸಿಯಿದೆ ಎಂದು ಹೇಳಲೂ ನಾಲ್ಕು ಮಾತು ಬೇಕು ನಿನಗೆ. ಅಂಥವನು ನನ್ನ ಮಗ ಸತ್ತದ್ದನ್ನು ನಾಲ್ಕು ಸಾಲಿನಲ್ಲಿ ಬರೆದೆ.

ಕೇಳುವುದು ಇಷ್ಟೇ. ಅವನು ಕೊನೆಗೆ ಏನು ಹೇಳಿದ? ಏನೂ ಹೇಳಲಿಲ್ಲ ಎಂದು ಬರೆಯಬೇಡ. ಅವನು ಬಾಯಿ ಮುಚ್ಚಿಕೊಂಡು ಎರಡು ನಿಮಿಷ ಇದ್ದವನಲ್ಲ, ಹೆತ್ತವಳಿಗೆ ಅಷ್ಟು ಗೊತ್ತು. ಬೈಗುಳವಾದರೂ ಪರವಾಗಿಲ್ಲ, ಬರೆ. ಪಾದ್ರಿ ಓದಿದರೆ ಓದಿಕೊಳ್ಳಲಿ.

ಚಾಕು ಅಲ್ಲೇ ಇರಲಿ. ಅಂಚೆಗೆ ಹಾಕಬೇಡ.

ಲೌರಿ


ನಾಂಟ್‌ಗಾರೆಗ್
೨೧ ಫೆಬ್ರವರಿ ೧೯೪೩

ಪ್ರಿಯ ಇಡ್ವಾಲ್,

ಲೌರಿಯ ಕಾಗದಕ್ಕೆ ನಿನ್ನ ಉತ್ತರ ಬರಲಿಲ್ಲ. ಕಳಿಸಿದ ಕಾಗದವೇ ದಾರಿಯಲ್ಲಿ ಎಲ್ಲೋ ಮುಳುಗಿರಬೇಕು, ಈ ಕಾಲದಲ್ಲಿ ಎಷ್ಟೋ ಹಡಗು ಮುಳುಗುತ್ತವೆ ಎಂದು ಅವಳಿಗೆ ಹೇಳಿದ್ದೇನೆ.

ನಿನಗೆ ಪದಕ ಬಂದದ್ದನ್ನು ಪತ್ರಿಕೆಯಲ್ಲಿ ಓದಿದೆವು. ಗಾಯವಾದ ಮೇಲೂ ಹಿಂದೆ ತಿರುಗದೆ, ಯಂತ್ರ ಬಿಟ್ಟು, ಹೊಟ್ಟೆಯ ಮೇಲೆ ತೆವಳುತ್ತ ಬಯೊನೆಟ್ಟಿನಿಂದಲೇ ನಲವತ್ತು ಗಜ ದಾರಿ ಮಾಡಿದೆಯಂತೆ. ಊರು ಹಿಗ್ಗಿದೆ. ನೀನು ಬರುವ ದಿನ ಬ್ಯಾಂಡು, ಮೆರವಣಿಗೆ ಎಲ್ಲ ಆಗಬೇಕಂತೆ. ಸ್ಲೇಟು ಸೀಳುವ ಹಿರಿಯ ಗ್ರಿಫಿದ್ದ್ ನಿನ್ನ ಹೆಸರು ಕೆತ್ತಿದ ಒಂದು ಸ್ಲೇಟಿನ ಬೀಸಣಿಗೆ ಮಾಡುತ್ತಿದ್ದಾನೆ. ಒಂದೇ ಕಲ್ಲಿನಿಂದ ಹದಿನೇಳು ಎಸಳು. ಅವನಿಗೆ ಕೈ ನಡುಗುತ್ತದೆ, ಆದರೂ ಬೇರೆಯವರಿಗೆ ಮುಟ್ಟಗೊಡುವುದಿಲ್ಲ.

ಕ್ಯಾಪ್ಟನ್ ಹ್ಯಾವರ್ಗಿಲ್ ಅವರಿಂದಲೂ ಕಾಗದ ಬಂತು. ಒಳ್ಳೆಯ ಮನುಷ್ಯ, ಸ್ವಂತ ಕೈಯಿಂದ ಬರೆದಿದ್ದಾರೆ. ಎಮ್ಲಿನ್ ನೆಲದಿಂದ ಜಿಗಿದು ಸಿಡಿಯುವ ಬಾಂಬಿನ ಮೇಲೆ ಕಾಲಿಟ್ಟ ಎಂದು ಅದರಲ್ಲಿದೆ. ನೀನು ಶೆಲ್ ಎಂದು ಬರೆದಿದ್ದೆ.

ಎರಡರಲ್ಲಿ ಯಾವುದು? ಒಂದು ಮಾತು ಬರೆದರೆ ಸಾಕು. ಲೌರಿಗೆ ಕ್ಯಾಪ್ಟನ್ನರ ಕಾಗದ ತೋರಿಸಿಲ್ಲ.

ಮೈರಿಗ್ ಪೆನ್ರಿ


ತರಬೇತಿ ಶಿಬಿರ, ಈಜಿಪ್ಟ್
೨ ಏಪ್ರಿಲ್ ೧೯೪೩

ಪ್ರೀತಿಯ ಚಿಕ್ಕಪ್ಪನಿಗೆ,

ಈ ಪತ್ರ ಹಸಿರು ಲಕೋಟೆಯಲ್ಲಿ ಬರುತ್ತಿದೆ. ತಿಂಗಳಿಗೊಮ್ಮೆ ನಮಗೆ ಇಂಥದೊಂದು ಕೊಡುತ್ತಾರೆ. ‘ಇದರಲ್ಲಿ ಮನೆಯ ಮಾತಲ್ಲದೆ ಬೇರೇನೂ ಇಲ್ಲವೆಂದು ನನ್ನ ಮಾನದ ಮೇಲೆ ಆಣೆಯಿಟ್ಟು ಹೇಳುತ್ತೇನೆ’ ಎಂದು ಹೊರಗೆ ಸಹಿ ಹಾಕಿದರೆ ಇಲ್ಲಿ ಯಾರೂ ಒಡೆದು ಓದುವುದಿಲ್ಲ. ಐದು ಲಕೋಟೆ ಪೆಟ್ಟಿಗೆಯಲ್ಲಿ ಕೂಡಿವೆ. ಪಾದ್ರಿ ಓದುತ್ತಾರೆ ಎಂಬುದು ಬರೀ ನೆಪವಾಗಿತ್ತು. ಚಿಕ್ಕಮ್ಮನ ಕಾಗದ ಮುಳುಗಿಲ್ಲ. ಜನವರಿಯಲ್ಲೇ ನನ್ನ ಕೈ ಸೇರಿತು.

ಶೆಲ್ ಅಲ್ಲ. ಕ್ಯಾಪ್ಟನ್ ಬರೆದದ್ದೇ ನಿಜ. ಆದರೆ ಆ ಬಾಂಬು ಅಲ್ಲಿ ಉಳಿದದ್ದು ಹೇಗೆ ಎಂಬುದು ಕ್ಯಾಪ್ಟನ್ನರಿಗೂ ಗೊತ್ತಿಲ್ಲ. ನನಗೆ ಗೊತ್ತು.

ನನ್ನ ಎಡಗಿವಿ ಸತ್ತು ನಾಲ್ಕು ವರ್ಷವಾಯಿತು. ಗಣಿಯಲ್ಲಿ ಸಿಡಿತದ ಕಹಳೆ ಊದಿದ ಮೇಲೂ ಊಟದ ಡಬ್ಬಿ ಮರೆತೆನೆಂದು ಹಿಂದಕ್ಕೆ ಓಡಿದ್ದೆನಲ್ಲ, ನೀವು ನನ್ನ ಕಪಾಳಕ್ಕೆ ಹೊಡೆದಿರಲ್ಲ, ಅಂದಿನ ಸಿಡಿತಕ್ಕೇ ಹೋಯಿತು. ಬಲಗಿವಿ ಇದೆ. ಆದರೆ ಒಂದು ಸ್ವರವನ್ನು ಹೆಚ್ಚು ಹೊತ್ತು ಕೇಳಿದರೆ ಅದರೊಳಗೆ ಜೀರುಂಡೆ ಕೂಗಲು ಶುರುವಾಗುತ್ತದೆ. ಹಾಡು ಬಿಡಬೇಕಾಗುತ್ತದೆ ಎಂಬ ಭಯಕ್ಕೆ ಯಾರಿಗೂ ಹೇಳಲಿಲ್ಲ. ನಮ್ಮೂರಿನಲ್ಲಿ ಕಾಲು ಹೋದರೆ ಅಯ್ಯೋ ಎನ್ನುತ್ತಾರೆ. ಕಿವಿ ಹೋದರೆ ಸಾಲಿನಿಂದ ಕೆಳಗಿಳಿಸುತ್ತಾರೆ. ಯಾರಾದರೂ ಕಿವಿ ಎಂದರೆ ಸಾಕು, ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ.

ಎಮ್ಲಿನ್‌ಗೆ ಮಾತ್ರ ಗೊತ್ತಿತ್ತು. ಚರ್ಚಿನಲ್ಲಿ ನನ್ನ ಬಲಕ್ಕೆ ನಿಂತು, ಟೆನರ್ ಎತ್ತಬೇಕಾದ ಕಡೆ ಮೊಣಕೈಯಿಂದ ಒತ್ತುತ್ತಿದ್ದ. ನೀವು ಮೆಚ್ಚಿಕೊಂಡ ನನ್ನ ಹಾಡೆಲ್ಲ ಅವನ ಮೊಣಕೈಯದು.

ಇಲ್ಲಿ ಯಂತ್ರ ನನ್ನ ಕೈಗೆ ಬಂದ ದಿನ ಅವನು ಗುಡಾರದ ಹಿಂದೆ ಕರೆದು, "ಲೋ, ಬೇಡ ಅಂತ ಹೇಳ್ಬಿಡೋ" ಎಂದ. ನಾನು ಒಪ್ಪಲಿಲ್ಲ. ಎಲ್ಲರೂ ನನ್ನನ್ನು ಕಂಪನಿಯ ಕಿವಿ ಎಂದು ಕರೆಯಲು ಶುರುಮಾಡಿದ್ದರು, ನನಗೆ ಅದು ಹಿತವಾಗಿತ್ತು. ಇಪ್ಪತ್ತು ನಿಮಿಷ ನನ್ನ ಕಿವಿ ತಡೆಯುತ್ತದೆ ಎಂದೆ. ಅವನು ನಂಬಿದ. ಇಪ್ಪತ್ತು ನಿಮಿಷ ತಡೆಯುತ್ತಿತ್ತು, ಅದು ಸುಳ್ಳಲ್ಲ.

ಆ ರಾತ್ರಿ ಬೆಳುದಿಂಗಳು. ನಮ್ಮ ಫಿರಂಗಿಗಳು ಒಂದೇ ಸಮನೆ ಗುಡುಗುತ್ತಿದ್ದವು. ನಾನು ಆರು ಬಾಂಬು ಹಿಡಿದೆ, ಅವನು ಆರನ್ನೂ ತೆಗೆದ. ಕ್ಯಾಪ್ಟನ್ ತೆವಳಿಕೊಂಡು ಬಂದು, ಮೂರು ಜೋಡಿಯಲ್ಲಿ ನಾವೇ ಮುಂದಿದ್ದೇವೆ ಎಂದು ಹೇಳಿ ಹೋದರು. ಅಷ್ಟರಲ್ಲಿ ಬಲಭುಜದ ಮೇಲೆ ತಟ್ಟಿದ್ದು ಗೊತ್ತಾಯಿತು. ನಾನು ತಲೆಯಲ್ಲಾಡಿಸಿದೆ. ಎಮ್ಲಿನ್ ನನ್ನ ಬಲಗಿವಿಯ ಮುಚ್ಚಳ ಎತ್ತಿದ.

"ಹೊತ್ತಾಯ್ತು, ಕೊಡೋ. ನಿನ್ ಜೀರುಂಡೆ ಎದ್ದಿರತ್ತೆ."

"ಇನ್ನು ಹತ್ತೇ ಗಜ. ಬಿಡೋ."

"ಆಮೇಲೆ ಕೊಡ್ತೀಯಲ್ಲ?"

ಕೊಡುತ್ತೇನೆ ಎಂದೆ. ಜೀರುಂಡೆ ಆಗಲೇ ಎದ್ದಿತ್ತು, ಚಿಕ್ಕಪ್ಪ. ಯಂತ್ರದ ಸ್ವರವೂ ಅದರ ಸ್ವರವೂ ಒಂದೇ ಆಗಿಹೋಗಿತ್ತು. ಏನೂ ಕೇಳುತ್ತಿರಲಿಲ್ಲ. ಕ್ಯಾಪ್ಟನ್ ಮೆಚ್ಚಿದ ಐದು ನಿಮಿಷಕ್ಕೆ ಯಂತ್ರ ಬಿಟ್ಟುಕೊಡಲು ಮನಸ್ಸು ಬರಲಿಲ್ಲ, ಅಷ್ಟೇ ಕಾರಣ. ಬೇರೆ ದೊಡ್ಡ ಕಾರಣ ಇದ್ದಿದ್ದರೆ ಎಂದು ಎಷ್ಟು ಹುಡುಕಿದ್ದೇನೆ. ಇಲ್ಲ.

ಎಮ್ಲಿನ್ ಮುಚ್ಚಳ ಬಿಡುವ ಮುಂಚೆ ನಕ್ಕು, "ಹಾಳಾಗ್ ಹೋಗು. ಊರಿಗ್ ಹೋದ್ಮೇಲೆ ಅಪ್ಪಂಗ್ ಹೇಳ್ತೀನಿ" ಎಂದ. ಅದೇ ಕೊನೆಯ ಮಾತು. ಚಿಕ್ಕಮ್ಮನಿಗೆ ತಿಳಿಸಿ. ಅವನು ಹೇಳುತ್ತೇನೆ ಎಂದದ್ದನ್ನು ನಾನೇ ಹೇಳುತ್ತಿದ್ದೇನೆ.

ಮೂರು ಗಜ ಹೋಗಿ ಸರಿಯಿದೆ ಎಂದು ಕೈ ಬೀಸಿದೆ. ನನ್ನ ಕಾಲು ಅಡಿಯಲ್ಲಿದ್ದ ಬಾಂಬಿನಿಂದ ಒಂದು ಗೇಣು ಆಚೆ ಬಿದ್ದಿತ್ತು. ಅವನು ಪಟ್ಟಿ ಹಾಸುತ್ತ ಬಂದವನು ಅದರ ಮೇಲೆಯೇ ಕಾಲಿಟ್ಟ. ಅದರ ಉಕ್ಕಿನ ಗುಂಡುಗಳನ್ನೆಲ್ಲ ಅವನೇ ತೆಗೆದುಕೊಂಡ, ನನಗೆ ಎರಡು ಉಳಿಸಿದ.

ಹಿಂದೆ ತಿರುಗದೆ ಮುಂದೆ ಹೋದ ಎಂದು ಪದಕದ ಪತ್ರದಲ್ಲಿ ಬರೆದಿದ್ದಾರೆ. ನಿಜ, ನಾನು ತಿರುಗಲಿಲ್ಲ. ತಿರುಗಿದರೆ ಅವನನ್ನು ನೋಡಬೇಕಾಗುತ್ತಿತ್ತು. ಯಂತ್ರ ಕಿತ್ತೆಸೆದು ಮುಂದಕ್ಕೆ ತೆವಳಿದೆ, ಅದನ್ನು ಅವರು ಧೈರ್ಯ ಎಂದರು. ಅವನು ಕರೆದನೋ ಇಲ್ಲವೋ ಗೊತ್ತಿಲ್ಲ. ಕರೆದಿದ್ದರೂ ನನ್ನ ಕಿವಿಗೆ ಕೇಳುವಂತಿರಲಿಲ್ಲ.

ಈಗ ನನ್ನನ್ನು ಹೊಸಬರಿಗೆ ಯಂತ್ರ ಕಲಿಸಲು ಇಟ್ಟಿದ್ದಾರೆ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೇಳಕೂಡದು ಎಂದು ದಿನಾ ಪಾಠ ಹೇಳುತ್ತೇನೆ. ಪದಕ ನೋಡಿಕೊಂಡು ಅವರು ತಲೆಯಾಡಿಸುತ್ತಾರೆ.

ಗ್ರಿಫಿದ್ದ್ ತಾತನಿಗೆ ಬೀಸಣಿಗೆ ನಿಲ್ಲಿಸಲು ಹೇಳಿ. ಹೇಗೆ ಹೇಳುತ್ತೀರೋ ಗೊತ್ತಿಲ್ಲ. ಕ್ಷಮಿಸಿ ಎಂದು ಬರೆಯಲು ನಾಚಿಕೆಯಾಗುತ್ತಿದೆ, ಅದಕ್ಕೆ ಬರೆಯುತ್ತಿಲ್ಲ.

ಇಡ್ವಾಲ್


ತರಬೇತಿ ಶಿಬಿರ, ಈಜಿಪ್ಟ್
೨೦ ಜೂನ್ ೧೯೪೩

ಚಿಕ್ಕಪ್ಪನಿಗೆ,

ನಿಮ್ಮ ಉತ್ತರ ಬಂದಿಲ್ಲ. ಬರಲೇಬೇಕೆಂದೇನೂ ಇಲ್ಲ.

ಡಾಕ್ಟರಿಗೆ ಕಿವಿಯ ವಿಷಯ ಹೇಳಿದೆ. ಗಡಿಯಾರ ಹಿಡಿದು ಪರೀಕ್ಷೆ ಮಾಡಿ, ಇಷ್ಟು ದಿನ ನಿನ್ನನ್ನು ಸೇರಿಸಿಕೊಂಡವನು ಯಾವ ಕುರುಡ ಎಂದರು. ಅವನು ಕುರುಡನಲ್ಲ, ಮುಚ್ಚಿಟ್ಟವನು ನಾನೇ ಎಂದೆ. ನನ್ನನ್ನು ಊರಿಗೆ ಕಳಿಸುತ್ತಾರೆ. ಹಡಗು ಯಾವಾಗ ಸಿಗುತ್ತದೋ ತಿಳಿಯದು.

ಇಡ್ವಾಲ್


ನಾಂಟ್‌ಗಾರೆಗ್
೧೫ ಆಗಸ್ಟ್ ೧೯೪೩

ಪ್ರಿಯ ಇಡ್ವಾಲ್,

ನಿನ್ನ ಹಸಿರು ಲಕೋಟೆ ಮೇ ತಿಂಗಳಲ್ಲಿ ಬಂತು. ಓದಿ ಗೋಡೆಗಡಿಯಾರದ ಹಿಂದೆ ಇಟ್ಟೆ. ಮೂರು ತಿಂಗಳು ಅದು ಅಲ್ಲೇ ಇತ್ತು. ದಿನಾ ಗಡಿಯಾರಕ್ಕೆ ಕೀಲಿ ಕೊಡುವಾಗ ಅದರ ಹಸಿರು ಅಂಚು ಕಾಣುತ್ತಿತ್ತು. ಲೌರಿ ಧೂಳು ಒರೆಸಲು ಹೋದರೆ, ನಾನೇ ಒರೆಸುತ್ತೇನೆ ಬಿಡು ಎನ್ನುತ್ತಿದ್ದೆ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ಒರೆಸುವ ಬಟ್ಟೆ ಮುಟ್ಟಿದವನಲ್ಲ.

ನಿನ್ನ ಮೇಲಿನ ಕೋಪಕ್ಕೆ ಉತ್ತರ ಬರೆಯಲಿಲ್ಲ ಎಂದು ನೀನು ತಿಳಿದಿರುತ್ತೀಯ. ಅಷ್ಟೇ ಆಗಿದ್ದರೆ ಅದು ಸುಲಭವಿತ್ತು. ಹದಿನೈದು ದಿನ ಬೈದು, ಹದಿನಾರನೆಯ ದಿನ ಬರೆಯುತ್ತಿದ್ದೆ.

ನಿನ್ನ ಕಿವಿ ಹೋಗಿದೆ ಎಂದು ನನಗೆ ಗೊತ್ತಿತ್ತು, ಇಡ್ವಾಲ್. ಮೂವತ್ತು ವರ್ಷ ಶ್ರುತಿ ಹಿಡಿದವನಿಗೆ ಒಬ್ಬ ಟೆನರ್ ಕೂದಲೆಳೆಯಷ್ಟು ಕೆಳಗೆ ಬಿದ್ದರೆ ತಿಳಿಯುವುದಿಲ್ಲವೇ? ಅವನ ಮೊಣಕೈ ಕಂಡಿದ್ದೆ. ಹುಡುಗರ ಗೆಳೆತನ ಎಂದು ಸುಮ್ಮನಿದ್ದೆ.

ಆಮೇಲೆ ಕ್ಯಾಪ್ಟನ್ ಇಬ್ಬರ ಬಗ್ಗೆಯೂ ಕೇಳಿ ಬರೆದರು. ಯಂತ್ರ ಹಿಡಿದವನು ಎಲ್ಲರಿಗಿಂತ ಮುಂದೆ ನಡೆಯುತ್ತಾನೆ ಎಂದೂ ತಿಳಿಸಿದ್ದರು, ಪ್ರಾಮಾಣಿಕ ಮನುಷ್ಯ. ಎಮ್ಲಿನ್‌ನ ಕಿವಿಯಂಥ ಕಿವಿಯನ್ನು ನಾನು ಈ ಕಣಿವೆಯಲ್ಲಿ ಇನ್ನೊಂದು ಕಂಡಿಲ್ಲ. ತೊಟ್ಟಿಲಲ್ಲಿದ್ದಾಗಲೇ ಗೋಡೆಗಡಿಯಾರದ ಗಂಟೆಗೆ ಸರಿಯಾಗಿ ಸ್ವರ ಸೇರಿಸುತ್ತಿದ್ದ. ಅಂಥವನ ಹೆಸರಿನ ಮುಂದೆ ಸಾಧಾರಣ ಎಂದು ಬರೆದೆ. ನಿನ್ನ ಹೆಸರಿನ ಮುಂದೆ, ಇಂಥ ಕಿವಿ ಸಾವಿರಕ್ಕೊಂದು ಎಂದು ಬರೆದೆ. ನನ್ನ ಮಗ ಹಿಂದೆ ಇರಲಿ, ಇನ್ನೊಬ್ಬನ ಮಗ ಮುಂದೆ ಹೋಗಲಿ ಎಂದು. ಆ ಇನ್ನೊಬ್ಬನ ಮಗನಿಗೆ ನನ್ನದೇ ಮನೆಯಲ್ಲಿ ಊಟ ಹಾಕಿ ಬೆಳೆಸಿದ್ದೆ. ಆ ಮಗನಿಗೆ ಸರಿಯಾಗಿ ಕೇಳುವುದಿಲ್ಲ ಎಂದು ತಿಳಿದೇ ಬರೆದೆ.

ನೀನು ಐದು ನಿಮಿಷದ ಹೊಗಳಿಕೆಗೆ ಸುಳ್ಳು ಹೇಳಿದೆ. ನಾನು ಮೇಜಿನ ಮುಂದೆ ಕೂತು, ಶಾಯಿ ಒಣಗಲು ಬಿಟ್ಟು, ನಿಧಾನವಾಗಿ ಸುಳ್ಳು ಬರೆದೆ. ಯಂತ್ರ ಅವನ ಕೈಯಲ್ಲಿದ್ದಿದ್ದರೆ ಇಬ್ಬರೂ ಬದುಕಿರುತ್ತಿದ್ದಿರಿ.

ಕಳೆದ ಬುಧವಾರ ಚರ್ಚಿನ ಕೂಟವಿತ್ತು. ತಪ್ಪು ಒಪ್ಪಿಕೊಳ್ಳುವವರು ಯಾರಾದರೂ ಇದ್ದೀರಾ ಎಂದು ಪಾದ್ರಿ ವಾಡಿಕೆಯಂತೆ ಕೇಳಿದರು. ಸಾಮಾನ್ಯವಾಗಿ ಯಾವಳೋ ಮುದುಕಿ ನೆರೆಯವಳ ಮೇಲೆ ಕೋಪ ಮಾಡಿಕೊಂಡೆ ಎನ್ನುತ್ತಾಳೆ, ಎಲ್ಲರೂ ಮನೆಗೆ ಹೋಗುತ್ತೇವೆ. ನಾನು ಎದ್ದು ನಿಂತೆ. ಯೋಗ್ಯತಾಪತ್ರದ ವಿಷಯ ಎಲ್ಲ ಹೇಳಿ, ಮೂವತ್ತು ವರ್ಷ ಸ್ವರ ಎತ್ತಿಕೊಟ್ಟ ಶ್ರುತಿಕವೆಯನ್ನು ಇನ್ನು ಬೇಡವೆಂದು ಮೇಜಿನ ಮೇಲಿಟ್ಟೆ. ಗ್ರಿಫಿದ್ದ್ ಎದ್ದು ಟೋಪಿ ಹಾಕಿಕೊಂಡು ಹೊರಟುಹೋದ. ಮರುದಿನ ಗಣಿಯ ಊಟದ ಕೊಠಡಿಯಲ್ಲಿ ನನ್ನ ಬೆಂಚಿನಲ್ಲಿ ನಾನೊಬ್ಬನೇ ಇದ್ದೆ. ಇಂದಿಗೂ ಒಬ್ಬನೇ.

ನಿನ್ನ ಕಿವಿಯ ವಿಷಯ ಹೇಳದೆ ನನ್ನ ತಪ್ಪು ಹೇಳಲಾಗುತ್ತಿರಲಿಲ್ಲ, ಆದ್ದರಿಂದ ಅದನ್ನು ಹೇಳಿದೆ. ಆ ಹತ್ತು ಗಜದ ವಿಷಯ ಹೇಳಲಿಲ್ಲ. ಅದು ನಿನ್ನದು. ಹೇಳುವುದಾದರೆ ನೀನೇ ಬಂದು ಹೇಳು. ನಿನ್ನ ಕಿವಿ ಸರಿಯಿದೆ ಎಂದು ಮೊದಲು ಹೇಳಿದವನು ನಾನು. ಹಾಗಾಗಿ ಮೊದಲ ಕಾಲು ನನ್ನದೇ ಆಗಬೇಕಿತ್ತು, ಇಟ್ಟು ನೋಡಿದೆ. ದಾರಿ ಸುಗಮ ಎಂದು ಮಾತ್ರ ನಿನಗೆ ಬರೆಯಲಾರೆ. ಒಮ್ಮೆ ಬರೆದದ್ದೇ ಸಾಕು.

ಮೈರಿಗ್


ಲಿವರ್‌ಪೂಲ್ ಬಂದರು
೧೯ ಅಕ್ಟೋಬರ್ ೧೯೪೩

ಪ್ರೀತಿಯ ಚಿಕ್ಕಪ್ಪ,

ಇಂದು ಇಳಿದೆ. ನಿಮ್ಮ ಕಾಗದ ನನ್ನ ಜೇಬಿನಲ್ಲಿದೆ. ಹಡಗಿನಲ್ಲಿ ಮೊದಲ ವಾರ ನಿಮ್ಮನ್ನು ಬೈದೆ, ಎರಡನೆಯ ವಾರ ಬೈಯಲು ನನಗೇನು ಹಕ್ಕು ಎನ್ನಿಸಿತು. ಮೂರನೆಯ ವಾರ ಸುಮ್ಮನೆ ನೀರು ನೋಡಿದೆ.

ಊರಿಗೆ ಬರುವ ಧೈರ್ಯವಿಲ್ಲ. ಇಲ್ಲೇ ಬಂದರಿನಲ್ಲಿ ಮೂಟೆ ಹೊರುವ ಕೆಲಸ ಸಿಗುತ್ತದಂತೆ, ಅದಕ್ಕೆ ಕಿವಿ ಬೇಡ. ಎಮ್ಲಿನ್‌ನ ಚಾಕುವನ್ನು ಯಾರ ಕೈಯಲ್ಲಾದರೂ ಕಳಿಸುತ್ತೇನೆ. ಸೈನಿಕರ ತಂಗುಮನೆಯಲ್ಲಿ ಇದ್ದೇನೆ, ವಿಳಾಸ ಲಕೋಟೆಯ ಮೇಲಿದೆ.

ಇಡ್ವಾಲ್


ನಾಂಟ್‌ಗಾರೆಗ್
೨೪ ಅಕ್ಟೋಬರ್ ೧೯೪೩

ಇಡ್ವಾಲ್,

ನಿನ್ನ ಕಾಗದ ಮೈರಿಗ್‌ಗೆ ಬಂದದ್ದು, ಒಡೆದವಳು ನಾನು. ಇನ್ನು ಮೇಲೆ ಈ ಮನೆಗೆ ಬರುವ ಕಾಗದಗಳನ್ನೆಲ್ಲ ನಾನೇ ಒಡೆಯುತ್ತೇನೆ.

ಹೆಂಡತಿಗೆ ಹೇಳುವ ಮುಂಚೆ ಊರಿಗೆ ಹೇಳಿದ ಗಂಡಸು ಇವರು. ನಾನು ಕೂಟದಲ್ಲಿ ಮೂರನೆಯ ಬೆಂಚಿನಲ್ಲಿ ಕೂತಿದ್ದೆ, ಕೈಯಲ್ಲಿ ಹೆಣಿಗೆ ಇತ್ತು. ಎಲ್ಲರ ಜೊತೆ ನನಗೂ ಗೊತ್ತಾಯಿತು. ಆಮೇಲೆ ಮನೆಗೆ ಬಂದು ಗಡಿಯಾರದ ಹಿಂದಿನಿಂದ ನಿನ್ನ ಹಸಿರು ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. ಅಂದಿನಿಂದ ಊಟ ಬಡಿಸುತ್ತೇನೆ, ಬಟ್ಟೆ ಒಗೆಯುತ್ತೇನೆ, ಮಾತಾಡಿಲ್ಲ. ಇಪ್ಪತ್ತೊಂಬತ್ತು ವರ್ಷದ ಗಂಡನನ್ನು ಏನು ಮಾಡಬೇಕೆಂದು ಇನ್ನೂ ಗೊತ್ತಾಗಿಲ್ಲ. ನಿನ್ನೆಗೆ ಒಂದು ವರ್ಷ ತುಂಬಿತು. ಸಮಾಧಿ ಇಲ್ಲದ ಕಡೆ ಹೂವು ಎಲ್ಲಿಡುವುದು, ಅವನ ಟೋಪಿ ತೂಗುಹಾಕಿದ ಮೊಳೆಯ ಕೆಳಗೆ ಇಟ್ಟೆ.

ಕೊನೆಯ ಮಾತು ಬರೆದದ್ದಕ್ಕೆ ಉಪಕಾರವಾಯಿತು. ಅದು ಅವನದೇ ಮಾತು. ಹಾಳಾಗ್ ಹೋಗು ಎಂದು ನನಗೂ ಎಷ್ಟೋ ಸಲ ಅಂದಿದ್ದಾನೆ, ನಗುತ್ತಲೇ.

ಬಂದರಿನ ಮೂಟೆ ಗೀಟೆ ಬಿಡು. ಗುರುವಾರ ಸಂಜೆಯ ರೈಲಿಗೆ ಬಾ. ಬ್ಯಾಂಡು ಇಲ್ಲ, ಯಾರೂ ಎದುರುಗೊಳ್ಳುವುದಿಲ್ಲ. ಮೈರಿಗ್ ನಿಲ್ದಾಣಕ್ಕೆ ಬರುತ್ತಾರೆ. ಅವರೊಡನೆ ಮಾತಾಡುವುದು ಬಿಡುವುದು ನಿನಗೆ ಬಿಟ್ಟದ್ದು. ಊರಿಗೆ ಏನು ಹೇಳುತ್ತೀಯೋ ಅದು ಬುಧವಾರದ ಕೂಟದ ಮಾತು. ಅದಕ್ಕೆ ಮೊದಲು ನನ್ನ ಅಡುಗೆಮನೆ ಇದೆ. ಚಾಕು ನಿನ್ನ ಕೈಯಲ್ಲೇ ಬರಬೇಕು, ಬೇರೆಯವರ ಕೈಯಲ್ಲಿ ಬಂದರೆ ವಾಪಸು ಕಳಿಸುತ್ತೇನೆ. ಎಮ್ಲಿನ್‌ನ ಕುರ್ಚಿಯಲ್ಲಿ ಕೂರಬೇಡ. ಒಲೆಯ ಪಕ್ಕದ ಬೆಂಚಿನಲ್ಲಿ ಕೂರು.

ನೀನು ತಿರುಗಲಿಲ್ಲ ಎಂದು ಬರೆದಿದ್ದೀಯ. ಎಷ್ಟು ಹೊತ್ತು ತಿರುಗಲಿಲ್ಲ ಎಂದು ಬರೆದಿಲ್ಲ. ಅದನ್ನು ನಾನು ಕೇಳುತ್ತೇನೆ. ಕೂತಾಗ ನಿನ್ನ ಬಲಗಿವಿ ನನ್ನ ಕಡೆ ಇರಲಿ. ಎರಡನೆಯ ಸಲ ಕೇಳುವ ಶಕ್ತಿ ನನಗಿಲ್ಲ.

ಲೌರಿ